ಜಮಾದಾರನ ಹಣೆಯ ರೂಪಾಯಿ

೧೭ ಆಗಸ್ಟ್ ೨೦೨೫, ರವಿವಾರ. ಹಾನಗಲ್
ಬೆಳ್ಳಿ ರೂಪಾಯಿಯ ಇಂದಿನ ದರ: ೧,೨೫೦

ಬೆಳಿಗ್ಗೆ ಹಾಲು ಕಾಯಿಸುವಷ್ಟರಲ್ಲಿ ಅಕ್ಕಿಆಲೂರಿನಿಂದ ಒಬ್ಬ ಬಂದು ಬಾಗಿಲಲ್ಲಿ ನಿಂತಿದ್ದ. ಟ್ರ್ಯಾಕ್ಟರ್ ಚಿತ್ರದ ಹಳೆಯ ಐದು ರೂಪಾಯಿ ನೋಟನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ, ಆ ಚೀಲವನ್ನು ಇನ್ನೊಂದರಲ್ಲಿ ಇಟ್ಟು ಎದೆಗೆ ಅವಚಿಕೊಂಡು ತಂದಿದ್ದ. ಅದಕ್ಕೆ ಹದಿನೆಂಟು ಲಕ್ಷ ಸಿಗುತ್ತದೆಂದು ಮೊಬೈಲಿನಲ್ಲಿ ನೋಡಿದನಂತೆ.

“ಮೊದಲ ನೋಂದಣಿಗೆ ಎರಡು ಸಾವಿರ ಹಾಕ್ರಿ ಅಂತಾರ್ರೀ ಅಕ್ಕಾರ. ಹಾಕ್ಲೇನ್ರಿ?”

“ಹಾಕಿದ್ರ ಎರಡು ಸಾವಿರ ಹೋತು ಅಂತ ತಿಳ್ಕೋ. ಈ ನೋಟು ಅಂಗಡಿಗೆ ಕೊಟ್ಟು ಹುಡುಗರಿಗೆ ಬಿಸ್ಕೀಟು ಒಯ್ಯಿ” ಎಂದೆ.

ಮುಖ ಸಣ್ಣದು ಮಾಡಿಕೊಂಡು ಹೋದ. ಹೋಗಲಿ. ಸಿಹಿ ಮಾತಾಡಿ ಜೇಬು ಕತ್ತರಿಸುವವರು ಊರ ತುಂಬ ಇದ್ದಾರೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕಿನಲ್ಲಿ ಹಳೆಯ ನಾಣ್ಯ ಕೊಂಡು ಮಾರುವ ಹೆಂಗಸು ನಾನೊಬ್ಬಳೇ. ನನ್ನ ಕೈಯಿಂದ ಹೋದ ನಾಣ್ಯ ಸುಳ್ಳೆಂದು ಇವತ್ತಿನವರೆಗೆ ಒಂದೂ ವಾಪಸ್ ಬಂದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ನಾನೇ ಬರೆದುಕೊಳ್ಳುತ್ತೇನೆ.

ಬೆಳ್ಳಿ ಏರುತ್ತಲೇ ಇದೆ. ಸಾದಾ ರಾಣಿಛಾಪು ರೂಪಾಯಿಗೂ ಜನ ಮುಗಿಬೀಳುತ್ತಿದ್ದಾರೆ. ಬಸ್ ಸ್ಟ್ಯಾಂಡಿನ ಎದುರು ಒಂದು ಸಣ್ಣ ಮಳಿಗೆ ಖಾಲಿಯಾಗಲಿದೆ ಎಂದು ನನ್ನವರು, ಅಂದರೆ ಕಂಡಕ್ಟರ್ ಸಂಜಯ, ಸುದ್ದಿ ತಂದಿದ್ದಾರೆ. ಇನ್ನು ಎಷ್ಟು ದಿನ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ವ್ಯಾಪಾರ ಮಾಡುವುದು? ನನ್ನ ಹೆಸರಿನ ಬೋರ್ಡು ಬೇಕು. ದೊಡ್ಡ ಅಕ್ಷರದಲ್ಲಿ. ಬಸ್ಸಿನಿಂದ ಇಳಿಯುವವರಿಗೆಲ್ಲ ಕಾಣಬೇಕು.

೩೧ ಆಗಸ್ಟ್, ರವಿವಾರ. ಆಡೂರು
ಬೆಳ್ಳಿ ರೂಪಾಯಿ: ೧,೩೦೦

ಗಣಪತಿ ಹಬ್ಬದ ನೆಪದಲ್ಲಿ ತವರಿಗೆ ಬಂದಿದ್ದೇನೆ. ತವರು ಅನ್ನುವುದು ಹೆಸರಿಗೆ ಮಾತ್ರ, ಈಗ ಇದು ಜಮಾದಾರನ ಮನೆ. ಜಮಾದಾರ ಅಪ್ಪನ ಹೋರಿ. ದೀಪಾವಳಿ ಮುಗಿಯುತ್ತಲೇ ಊರೂರಲ್ಲಿ ಹೋರಿ ಬೆದರಿಸುವ ಹಬ್ಬ ಶುರುವಾಗುತ್ತದಲ್ಲ, ಅದರಲ್ಲಿ ಓಡುವ ಪ್ರಾಣಿ. ಕೊರಳಿಗೆ ಕೊಬ್ಬರಿ ಸರ ಕಟ್ಟಿ ಜನರ ನಡುವೆ ಬಿಡುತ್ತಾರೆ. ಮೈಮೇಲಿನದನ್ನು ಹರಿದುಕೊಂಡವನು ಗೆದ್ದ, ಹರಿದದ್ದು ಅವನದೇ. ಯಾರ ಕೈಗೂ ಸಿಗದೆ ಓಡಿದರೆ ಹೋರಿ ಗೆದ್ದಿತು. ಇಷ್ಟೇ ಆಟ. ಇಷ್ಟಕ್ಕೆ ಅಪ್ಪ ವರ್ಷವಿಡೀ ಮೀಸೆ ತಿರುವುತ್ತಾನೆ. ಅವನಿಗೆ ಮೊಮ್ಮಕ್ಕಳು ಹುಟ್ಟಿದ ದಿನ ನೆನಪಿಲ್ಲ, ಹೋರಿ ಹುಟ್ಟಿದ ನಕ್ಷತ್ರ ನೆನಪಿದೆ. ತಮ್ಮ ಸುಭಾಸ ಅದಕ್ಕೆ ಹತ್ತಿಕಾಳು, ಹುರುಳಿ, ತತ್ತಿ ತಿನ್ನಿಸಿ ತಾನು ಚಹಾ ಚುರಮುರಿಯಲ್ಲಿ ದಿನ ದೂಡುತ್ತಾನೆ. ಊರೆಲ್ಲ “ದ್ಯಾಮಪ್ಪನ ಹೋರಿ” ಎನ್ನುತ್ತದೆ. ದ್ಯಾಮಪ್ಪನ ಮಗಳೂ ಒಬ್ಬಳಿದ್ದಾಳೆಂದು ಯಾರಿಗಾದರೂ ಗೊತ್ತೋ ಇಲ್ಲವೋ.

ಊಟವಾದ ಮೇಲೆ ಅಪ್ಪ ಹೋರಿಯ ಹಣೆಪಟ್ಟಿ ತಂದು ನನ್ನ ಮಡಿಲಿಗೆ ಹಾಕಿದ. “ಇಲಿ ಕಡದಾವ ನೋಡು. ನಮ್ಮವ್ವನ ಹೊಲಿಗಿ ನಿನಗಷ್ಟs ಬರ್ತೈತಿ. ದಸರಾದಾಗ ರೆಡಿ ಮಾಡಿ ಕೊಡು.”

ಕೆಂಪು ಮಕಮಲ್ಲಿನ ಪಟ್ಟಿ. ಅದರ ಮೇಲೆ ಐದು ಬೆಳ್ಳಿ ರೂಪಾಯಿ. ಅಪ್ಪನ ತಾಯಿ, ನನ್ನ ಆಯಿ ಅಡಿವೆವ್ವ, ತನ್ನ ಕಾಲದ ಹೋರಿಗೆಂದು ಹೊಲಿದದ್ದು. ಬೇರೆಯವರ ಹಾಗೆ ಅವಳು ಬೆಳ್ಳಿಗೆ ತೂತು ಹೊಡೆಸಲಿಲ್ಲ, ಕೊಂಡಿ ಬೆಸೆಸಲಿಲ್ಲ. ದಾರವನ್ನೇ ಹೆಣೆದು ಜಾಳಿಗೆ ಮಾಡಿ, ರೂಪಾಯಿಯನ್ನು ಅದರೊಳಗೆ ಕೂಡಿಸಿ, ಸುತ್ತ ಬಿಗಿದಿದ್ದಳು. ಎಷ್ಟು ಹೋರಿಗಳು ಬಂದು ಹೋದವು, ಅಖಾಡದಲ್ಲಿ ಎಷ್ಟು ಕೈಗಳು ಎಳೆದವು, ಒಂದು ರೂಪಾಯಿಯೂ ಉದುರಲಿಲ್ಲ. ಆ ಹೊಲಿಗೆಯನ್ನು ನಾನು ಲಂಗ ತೊಡುವ ವಯಸ್ಸಿನಲ್ಲಿ ಅವಳ ಪಕ್ಕ ಕೂತು ಕಲಿತೆ.

ರಾಜನ ಮುಖ ಹೊರಗೆ, ಇಸವಿ ಒಳಗೆ ಇರುವಂತೆ ಐದನ್ನೂ ಕೂಡಿಸಿದ್ದಾಳೆ. ಇಲಿ ಕಡಿದ ನಡುವಿನ ಜಾಳಿಗೆ ಬಿಚ್ಚಿ ರೂಪಾಯಿಯನ್ನು ಮಗುಚಿದೆ.

೧೯೩೯.

ಈ ಇಸವಿಯ ರೂಪಾಯಿಗಾಗಿ ಜನ ಬಾಯಿ ಬಿಡುತ್ತಾರೆ. ಮೂವತ್ತೆಂಟರ ಎಂಟನ್ನು ಕೆತ್ತಿ ಒಂಬತ್ತು ಮಾಡಿದ ಸುಳ್ಳು ನಾಣ್ಯಗಳನ್ನು ನಾನೇ ಎಷ್ಟೋ ಸಲ ಬೈದು ವಾಪಸ್ ಕಳಿಸಿದ್ದೇನೆ. ಆದರೆ ಇದು ನಾನು ಹುಟ್ಟುವ ಮೊದಲಿನಿಂದ ಹೋರಿಯ ಹಣೆಯ ಮೇಲಿದೆ. ಇದನ್ನು ಕೆತ್ತಿದವರು ಯಾರು? ಮಕಮಲ್ಲಿಗೆ ಒರಗಿ ಮಲಗಿದ್ದ ಆ ಬದಿ ನಿನ್ನೆ ಟಂಕಸಾಲೆಯಿಂದ ಬಂದ ಹಾಗಿದೆ.

ಅವ್ವ ಚಹಾ ತಂದು “ಯಾಕ ಹಂಗ ಕುಂತೀ? ಸೂಜಿ ಚುಚ್ಚಿತೇನು?” ಎಂದಳು.

೧ ಸೆಪ್ಟೆಂಬರ್, ಸೋಮವಾರ. ಹಾನಗಲ್

ಫೋಟೋ ತೆಗೆದು ನಮ್ಮ ನಾಣ್ಯದ ಗುಂಪಿಗೆ ಹಾಕಿದೆ. “ನಮ್ಮ ಮನೆಯದು” ಎಂದಷ್ಟೇ ಬರೆದೆ. ಮಧ್ಯಾಹ್ನದವರೆಗೆ ಫೋನು ಕೆಳಗಿಡಲು ಆಗಲಿಲ್ಲ. ನನ್ನನ್ನು “ತಂಗಿ” ಎನ್ನುತ್ತಿದ್ದ ಹುಬ್ಬಳ್ಳಿಯ ದೊಡ್ಡ ವ್ಯಾಪಾರಿ ಇವತ್ತು “ಮೇಡಮ್” ಎಂದ. ಸ್ಟೇಟಸ್ಸಿಗೂ ಹಾಕಿದೆ. ಹಾಕಬಾರದೇಕೆ?

೭ ಸೆಪ್ಟೆಂಬರ್, ರವಿವಾರ
ಬೆಳ್ಳಿ ರೂಪಾಯಿ: ೧,೩೮೦

ಶಿಗ್ಗಾವಿಯ ಶಿವಾನಂದ ಸರ್ ಬಂದಿದ್ದರು. ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ನಮ್ಮ ಕಡೆಯ ಸಂಗ್ರಾಹಕರಲ್ಲಿ ಅವರ ಮಾತಿಗೆ ಎದುರಿಲ್ಲ. ಭೂತಗನ್ನಡಿ, ತಕ್ಕಡಿ ಎಲ್ಲ ತಂದಿದ್ದರು. ತೂಗಿದರು, ಅಂಚು ಸವರಿದರು, ಒಂಬತ್ತರ ಬಾಲವನ್ನು ಬಹಳ ಹೊತ್ತು ನೋಡಿದರು. ನಾನು ಸುಮ್ಮನೆ ಚಹಾ ಸೋಸುತ್ತಿದ್ದೆ. ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು.

“ಸುಧಾರಾಣಿಯವರ, ಖರೇ ಐತ್ರಿ. ಮೂರು ಲಕ್ಷ ಕೊಡ್ತೇನಿ. ದೀಪಾವಳಿ ಮುಗಿಯೂದರಾಗ ಹೇಳ್ರಿ.”

ಮೂರು ಲಕ್ಷ. ಮಳಿಗೆ, ಗಾಜಿನ ಕಪಾಟು, ಬೋರ್ಡು, ಎಲ್ಲ ಅದರಲ್ಲೇ ಆಗುತ್ತದೆ. ಅವರು ಹೋದ ಮೇಲೆ ನನ್ನವರು “ಮಾವಾರನ್ನ ಕೇಳಿಯೇನು?” ಎಂದರು. ಕೇಳುವುದೇನಿದೆ? ಕಂಡುಹಿಡಿದವಳು ನಾನು. ನಾನು ತಿರುಗಿಸದಿದ್ದರೆ ಅದು ಇನ್ನೂ ನೂರು ವರ್ಷ ಹೋರಿಯ ಬೆವರು ಕುಡಿದು ಕೂತಿರುತ್ತಿತ್ತು.

೧೪ ಸೆಪ್ಟೆಂಬರ್, ರವಿವಾರ. ಆಡೂರು
ಬೆಳ್ಳಿ ರೂಪಾಯಿ: ೧,೪೫೦

ಕೇಳಿದೆ. ಅಪ್ಪ ಕೆರೆಯಲ್ಲಿ ಹೋರಿಯನ್ನು ಈಜಿಸುತ್ತಿದ್ದ. ದಂಡೆಯ ಮೇಲೆ ನಿಂತೇ ಹೇಳಿದೆ.

“ಅಪ್ಪಾ, ಆ ರೂಪಾಯಿ ಮಾರಿದ್ರ ನನ್ನ ಅಂಗಡಿ ಆಗ್ತೈತಿ.”

“ಅದು ನಂದಲ್ಲ ಮಗಳ.”

“ಮತ್ತ ಯಾರದು?”

“ನಮ್ಮವ್ವ ಹೋರಿಗೆ ಕೊಟ್ಟಾಳ. ಹೋರಿನ್ನ ಕೇಳು.”

“ಮೂರು ಲಕ್ಷ ಅಪ್ಪಾ!”

“ಗೊತ್ತೈತಿ. ಮೂರು ಲಕ್ಷದ ರೂಪಾಯಿ ಹಣಿ ಮ್ಯಾಲೆ ಕಟಗೊಂಡು ಓಡು ಹೋರಿ ಈ ಜಿಲ್ಲಾದಾಗ ಎಲ್ಲರ ಐತೇನು? ನೀ ಅದನ್ನ ನೋಡಿ ಹೇಳಿದಿ ನೋಡು, ನನ್ನ ಎದಿ ಇಷ್ಟಗಲ ಆಗೇತಿ.” ನೀರಿನಲ್ಲಿ ನಿಂತೇ ಎರಡೂ ಕೈ ಚಾಚಿ ತೋರಿಸಿದ.

ಹೋರಿ ದಂಡೆಗೆ ಬಂದು ಮೈ ಕೊಡವಿ ನನ್ನ ಸೀರೆಯನ್ನೆಲ್ಲ ತೋಯಿಸಿತು. ಅಪ್ಪ ನಕ್ಕ. ಇಬ್ಬರೂ ಸರಿಯಾದ ಜೋಡಿ. ತೊಯ್ದ ಮೇಲೆ ಅದರ ಮೈ ಕರಿಕಲ್ಲಿನ ಹಾಗೆ ಹೊಳೆಯುತ್ತದೆ, ಅದು ಮಾತ್ರ ನಿಜ.

೨ ಅಕ್ಟೋಬರ್, ಗುರುವಾರ. ವಿಜಯದಶಮಿ
ಬೆಳ್ಳಿ ರೂಪಾಯಿ: ೧,೬೫೦

ಪಟ್ಟಿಯನ್ನು ಹೊಲಿದು ಮುಟ್ಟಿಸಿದೆ, ಅದೇ ರೂಪಾಯಿಯನ್ನು ಅದೇ ಜಾಗದಲ್ಲಿ ಕೂಡಿಸಿ. ಬನ್ನಿ ಕೊಡಲು ಬಂದವರೆಲ್ಲ ಮೊದಲು ಹಣೆಪಟ್ಟಿ ನೋಡಿ ಆಮೇಲೆ ಹಿರಿಯರಿಗೆ ನಮಸ್ಕರಿಸಿದರು.

ಊರ ಬಾಗಿಲಲ್ಲಿ ಸುಭಾಸ ಫ್ಲೆಕ್ಸ್ ನಿಲ್ಲಿಸಿದ್ದಾನೆ. ಆಳೆತ್ತರದ ಜಮಾದಾರ, ಪಕ್ಕದಲ್ಲಿ ಕನ್ನಡಕ ಹಾಕಿದ ಅಪ್ಪ, ಕೆಳಗೆ ಅಭಿಮಾನಿ ಬಳಗದವರ ಸಾಲು. ನಟ್ಟನಡುವೆ ಹಳದಿ ಅಕ್ಷರದಲ್ಲಿ “ಮೂರು ಲಕ್ಷದ ರೂಪಾಯಿ ಧರಿಸಿದ ಆಡೂರ ಜಮಾದಾರ”. ಅದರ ಕೆಳಗೆ “ನಾಣ್ಯ ಪರೀಕ್ಷಿಸಿದವರು: ಶ್ರೀಮತಿ ಸುಧಾರಾಣಿ, ಹಾನಗಲ್”.

ನನ್ನ ಹೆಸರು. ಬಸ್ಸಿನಿಂದ ಇಳಿಯುವವರಿಗೆಲ್ಲ ಕಾಣುವಂತೆ.

ಅವ್ವ ನೋಡಿದರೆ ನಗುತ್ತಾಳೆಂದು ಬಳೆ ಅಂಗಡಿಗೆ ಹೋಗುವ ನೆಪ ಮಾಡಿ ಎರಡನೇ ಸಲ ಹೋಗಿ ನೋಡಿ ಬಂದೆ.

೧೨ ಅಕ್ಟೋಬರ್, ರವಿವಾರ. ಆಡೂರು
ಬೆಳ್ಳಿ ರೂಪಾಯಿ: ೧,೯೫೦

ಸಾದಾ ರೂಪಾಯಿಯೇ ಎರಡು ಸಾವಿರದ ಹತ್ತಿರ ಬಂತು. ಮಳಿಗೆಯ ಮಾಲೀಕ ತಿಂಗಳ ಕೊನೆಯವರೆಗೆ ಕಾಯುತ್ತೇನೆ ಎಂದಿದ್ದಾನೆ. ಅತ್ತ ಫ್ಲೆಕ್ಸ್ ನೋಡಿದ ಹುಡುಗರೆಲ್ಲ, ಹಿರೇಕೆರೂರಿನವರೂ ಸವಣೂರಿನವರೂ, ಈ ಸಲ ಕೊಬ್ಬರಿ ಬೇಡ, ಹಣೆಪಟ್ಟಿಗೇ ಕೈ ಹಾಕುತ್ತೇವೆ ಎನ್ನುತ್ತಿದ್ದಾರಂತೆ. ಸುಭಾಸ ಅದನ್ನು ದೊಡ್ಡಸ್ತಿಕೆಯಿಂದ ಹೇಳಿದ. ಎಂಥ ಹುಚ್ಚು! ಮೂರು ಲಕ್ಷವನ್ನು ಯಾರಾದರೂ ದನದ ಹಣೆಗೆ ಕಟ್ಟಿ ಬಯಲಿಗೆ ಬಿಡುತ್ತಾರೆಯೇ?

ಅಪ್ಪ, ಸುಭಾಸ ಹೋರಿ ಹೊಡೆದುಕೊಂಡು ಕೆರೆಗೆ ಹೋದರು. ಅವ್ವ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಹಣೆಪಟ್ಟಿ ದೇವರ ಕೋಣೆಯ ಗೂಟಕ್ಕೆ ತೂಗುತ್ತಿತ್ತು. ನಡುವಿನ ಜಾಳಿಗೆ ಬಿಚ್ಚಿದೆ. ನನ್ನ ಹತ್ತಿರ ಮೂವತ್ತೆಂಟರ ಒಂದು ರೂಪಾಯಿ ಇತ್ತು. ಅದೇ ರಾಜ, ಅದೇ ಮುಖ. ಇಸವಿ ಹೇಗೂ ಒಳಗಿರುತ್ತದೆ. ಅದನ್ನೇ ಕೂಡಿಸಿ ಹೊಲಿಯತೊಡಗಿದೆ. ಹೆಬ್ಬಾಗಿಲಲ್ಲಿ ಗೆಜ್ಜೆ ಕೇಳಿಸಿತು, ಕೊನೆಯ ಸುತ್ತನ್ನು ಹಾಗೇ ಗಂಟು ಹಾಕಿ ತೂಗುಹಾಕಿದೆ.

ಇದು ಕಳವಲ್ಲ. ಕಾಪಾಡಿ ಇಟ್ಟಿದ್ದೇನೆ, ಅಷ್ಟೇ. ಹಬ್ಬ ಮುಗಿಯಲಿ, ಆಮೇಲೆ ಅಪ್ಪನಿಗೆ ಹೇಳಿದರಾಯಿತು.

೧೩ ಅಕ್ಟೋಬರ್, ಸೋಮವಾರ. ಹಾನಗಲ್

ಶಿವಾನಂದ ಸರ್‌ಗೆ ಫೋನು ಮಾಡಿ ನವೆಂಬರ್ ಐದಕ್ಕೆ ಬರಲು ಹೇಳಿದೆ. ರೂಪಾಯಿಯನ್ನು ಆಯಿಯ ಎಲೆ‑ಅಡಿಕೆ ಸಂಚಿಯಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೇನೆ. ಮನೆಯಲ್ಲಿಡಲು ಧೈರ್ಯವಿಲ್ಲ.

೨೨ ಅಕ್ಟೋಬರ್, ಬುಧವಾರ. ಪಾಡ್ಯ. ಆಡೂರು

ಮೂರು ದಿನದಿಂದ ಇಲ್ಲೇ ಇದ್ದೇನೆ. ಸಗಣಿಯಿಂದ ಹಟ್ಟಿ ಹಾಕಿ, ಸಗಣಿಯ ಪಾಂಡವರನ್ನು ಇಟ್ಟು, ದನಗಳಿಗೆಲ್ಲ ಆರತಿ ಮಾಡಿದೆವು. ಸುಭಾಸನಿಗೆ ಜ್ವರ. ಹೀಗಾಗಿ ಹುರುಳಿ ನುಚ್ಚು ಕುದಿಸುವ ಕೆಲಸ ನನ್ನ ಪಾಲಿಗೆ ಬಂತು. ಜಮಾದಾರ ಮೊದಲ ದಿನ ನನ್ನ ಕೈಯಿಂದ ತಿನ್ನಲಿಲ್ಲ. ಎರಡನೇ ದಿನ ಮೂಸಿ ನೋಡಿದ. ಇವತ್ತು ನಾನು ಬರುವುದು ತಡವಾಯಿತೆಂದು ಗೂಟವನ್ನೇ ಅಲುಗಾಡಿಸುತ್ತಿದ್ದ. ಬೆಲ್ಲ ಹೆಚ್ಚಾದರೆ ನುಚ್ಚು ಬಿಟ್ಟು ಬೆಲ್ಲವನ್ನಷ್ಟೇ ನೆಕ್ಕುತ್ತಾನೆ, ಕಳ್ಳ. ಎಡಗಿವಿಯ ಹಿಂದೆ ಕೆರೆದರೆ ಕಣ್ಣು ಮುಚ್ಚುತ್ತಾನೆ.

ಅಪ್ಪ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. “ನಮ್ಮವ್ವನೂ ಹಿಂಗs ಕೆರೀತಿದ್ಲು” ಎಂದ.

ಸೊಂಟದಲ್ಲಿ ಸಂಚಿ ಒತ್ತುತ್ತಿತ್ತು.

೨೮ ಅಕ್ಟೋಬರ್, ಮಂಗಳವಾರ. ಹಾನಗಲ್

ಸುಭಾಸನಿಗೆ ಫೋನು ಮಾಡಿ, ಜಮಾದಾರನಿಗೆ ತತ್ತಿಯನ್ನು ಹಾಲಿನಲ್ಲಿ ಕದಡಿ ಕೊಡು, ಬರೀ ತತ್ತಿ ಕೊಟ್ಟರೆ ಅವನು ಉಗುಳುತ್ತಾನೆ ಎಂದು ಹೇಳಿದೆ. ಬಲಗಾಲಿನ ಗೊರಸು ನೋಡಿಕೋ ಎಂದೂ ಹೇಳಿದೆ. ಹಬ್ಬ ರವಿವಾರ, ಹಾನಗಲ್ಲಿನ ಬಯಲಿನಲ್ಲೇ.

೩ ನವೆಂಬರ್, ಸೋಮವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ನಿನ್ನೆ ಪೆನ್ನು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ.

ಬಯಲಿನಲ್ಲಿ ಸೂಜಿ ಬಿದ್ದರೂ ನೆಲಕ್ಕೆ ಮುಟ್ಟದಷ್ಟು ಜನ. ಹೆಂಗಸರು ಟ್ರ್ಯಾಕ್ಟರ್ ಟ್ರೇಲರುಗಳ ಮೇಲೆ ಹತ್ತಿದ್ದೆವು. ಎಷ್ಟೋ ಹೋರಿಗಳು ಬಂದವು, ಹೋದವು. ನಾನು ಒಂದನ್ನೂ ನೋಡಲಿಲ್ಲ.

“ಆಡೂರ ಜಮಾದಾರ ಬರಾಕತ್ತಾನ್ರಪೋ! ಮೂರು ಲಕ್ಷದ ರೂಪಾಯಿ ಜಮಾದಾರ! ದಾರಿ ಬಿಡ್ರಿ, ಇಲ್ಲಾಂದ್ರ ಕೈ ಹಾಕ್ರಿ!” ಎಂದು ಮೈಕಿನವನು ಕೂಗಿದ.

ಬಂದ. ಕೊರಳ ತುಂಬ ಕೊಬ್ಬರಿ, ಕೋಡಿಗೆ ಬಣ್ಣದ ಗೊಂಡೆ, ಹಣೆಯ ಮೇಲೆ ಐದು ರೂಪಾಯಿ. ಎರಡು ಕಡೆಯಿಂದ ಮುಗಿಬಿದ್ದವರ ನಡುವೆ ತಲೆ ತಗ್ಗಿಸಿ ನುಗ್ಗಿದ. ಒಬ್ಬರ ಕೈಗೂ ಸಿಗಲಿಲ್ಲ. ನಾನು ಟ್ರೇಲರಿನ ಕಬ್ಬಿಣ ಬಡಿದು ಕೂಗಿದೆನಂತೆ, ಪಕ್ಕದವಳು ಆಮೇಲೆ ಹೇಳಿದಳು. ಎರಡನೇ ಸಲವೂ ಹಾಗೇ. ಅಪ್ಪ ಅಖಾಡದ ತುದಿಯಲ್ಲಿ ತಲೆಯ ಪಟಗ ಬಿಚ್ಚಿ ಬೀಸುತ್ತಿದ್ದ.

ಮೂರನೇ ಓಟಕ್ಕೆ ಸವಣೂರಿನ ಒಬ್ಬ ಹುರಿಯಾಳು ಎದುರಿಗೇ ಬಂದ. ಕೊಬ್ಬರಿಗೆ ಕೈ ಹಾಕಲೇ ಇಲ್ಲ. ಕೋಡಿನ ನಡುವೆ ಕೈ ತೂರಿಸಿ ಹಣೆಪಟ್ಟಿ ಹಿಡಿದ. ಜಮಾದಾರ ಅವನನ್ನು ಟ್ರೇಲರುಗಳ ಸಾಲಿನುದ್ದಕ್ಕೂ ಎಳೆದುಕೊಂಡು ಹೋದ. ಅವನು ಬಿಡಲಿಲ್ಲ. ನನ್ನ ಕಣ್ಣೆದುರಿಗೇ ನಡುವಿನ ಜಾಳಿಗೆ ಹರಿಯಿತು. ಆಯಿಯ ನಾಲ್ಕು ಗಟ್ಟಿ ನಿಂತವು. ನನ್ನ ಅವಸರದ ಗಂಟು ನಿಲ್ಲಲಿಲ್ಲ. ಅವನು ಧೂಳಿನಲ್ಲಿ ಉರುಳಿದ, ಮುಷ್ಟಿ ಮಾತ್ರ ಮೇಲಿತ್ತು.

ಜನ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ವೇದಿಕೆಗೆ ತಂದರು. ಮುಬಶೀರ ಎಂದು ಹೆಸರು, ವೀಳ್ಯದೆಲೆ ತೋಟದವನು. ರೂಪಾಯಿ ತಿರುಗಿಸಿ ನೋಡಿದ. ಮತ್ತೊಮ್ಮೆ ನೋಡಿದ.

“ಮೂವತ್ತೆಂಟು ಐತಲ್ರೀ ಇದು?”

ಮೈಕಿನಲ್ಲೇ ಕೇಳಿಸಿತು. ಎಲ್ಲಿಂದಲೋ ಒಂದು ಸೀಟಿ, ನಗೆ. “ಫ್ಲೆಕ್ಸಿನ ರೂಪಾಯಿಲೇ!” ಎಂದು ಯಾರೋ ಕೂಗಿದರು.

ಅಪ್ಪ ವೇದಿಕೆ ಹತ್ತಿದ. ಮೈಕು ಕಸಿದುಕೊಂಡ.

“ನನಗ ಅಂಕಿ ಓದಾಕ ಬರಂಗಿಲ್ಲ. ಓದಿದಾಕಿ ನನ್ನ ಮಗಳು. ಆಕಿ ಮೂವತ್ತೊಂಬತ್ತು ಅಂದ್ರ ಮೂವತ್ತೊಂಬತ್ತs. ನಿಮ್ಮ ಕಣ್ಣು ತೊಳಕೊಂಡು ನೋಡ್ರಿ. ನನ್ನ ಮಗಳ ಮಾತು ಸುಳ್ಳಾದ್ರ, ಏ ತಮ್ಮಾ, ಜಮಾದಾರನ್ನ ಇಲ್ಲಿಂದs ಹೊಡಕೊಂಡು ಹೋಗು.”

ನಾನು ಟ್ರೇಲರಿನಿಂದ ಹೇಗೆ ಇಳಿದೆನೋ ತಿಳಿಯದು. ಚಪ್ಪಲಿ ಅಲ್ಲೇ ಉಳಿಯಿತು. ವೇದಿಕೆಯವರೆಗೆ ಜನ ದಾರಿ ಬಿಡುತ್ತ ಹೋದರು. ಸಂಚಿ ಬಿಚ್ಚಿ ರೂಪಾಯಿಯನ್ನು ಮುಬಶೀರನ ಅಂಗೈಯಲ್ಲಿಟ್ಟೆ. ಮೈಕು ಅಪ್ಪನ ಕೈಯಲ್ಲೇ ಇತ್ತು, ಅದರ ಹತ್ತಿರ ಬಾಯಿ ಒಯ್ದು ಹೇಳಿದೆ.

“ನಮ್ಮಪ್ಪನ ಮಾತು ಖರೆ. ಹೋರಿ ಹಣಿ ಮ್ಯಾಲೆ ಇದ್ದದ್ದು ಇದs. ಬದಲಿ ಮಾಡಿದಾಕಿ ನಾನು. ಅಪ್ಪಗ ಗೊತ್ತಿರಲಿಲ್ಲ. ಇದು ಹರದಾಂವಂದು.”

ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ತಲೆ ತಗ್ಗಿಸಲಿಲ್ಲ. ಇಡೀ ಬಯಲು ನನ್ನನ್ನು ನೋಡುತ್ತಿತ್ತು, ನಾನೂ ಇಡೀ ಬಯಲನ್ನು ನೋಡಿದೆ.

ಮುಬಶೀರ ಮೂವತ್ತೆಂಟರ ರೂಪಾಯಿಯನ್ನು ನನಗೆ ತಿರುಗಿ ಕೊಟ್ಟ. “ಇದು ನಿಮ್ಮದ್ರಿ ಅಕ್ಕಾರ. ಒಂದs ಹರದೇನಿ, ಒಂದs ಸಾಕು.”

ಅಪ್ಪ ನನ್ನ ಮುಖ ನೋಡಲಿಲ್ಲ. ಮೈಕು ಇಟ್ಟು ಇಳಿದು ಹೋಗಿ ಜಮಾದಾರನ ಹಗ್ಗ ಹಿಡಿದು ನಡೆದ. ಆಡೂರಿನವರೆಗೂ ನಡೆದೇ ಹೋದನಂತೆ, ಗಾಡಿ ಹತ್ತಲಿಲ್ಲವಂತೆ.

ಇಷ್ಟನ್ನು ಸ್ಪಷ್ಟವಾಗಿ ಬರೆದುಕೊಳ್ಳಬೇಕು. ನಾನು ಮಾಡಿದ್ದು ವ್ಯಾಪಾರದ ಮರ್ಯಾದೆಗಾಗಿ. ನನ್ನ ಹೆಸರಿನಲ್ಲಿ ಸುಳ್ಳು ನಾಣ್ಯ ಒಬ್ಬನ ಕೈಗೆ ಹೋಗಬಾರದು, ಅಷ್ಟೇ. ಹೋರಿಗೂ ಇದಕ್ಕೂ ಸಂಬಂಧವಿಲ್ಲ.

ಸುಭಾಸನಿಗೆ ಫೋನು ಮಾಡಿದೆ. ಜಮಾದಾರನ ಬಲಗಾಲು ಚೆನ್ನಾಗಿದೆಯಂತೆ. ಮೇವು ಮಾತ್ರ ಮುಟ್ಟಿಲ್ಲವಂತೆ.

೫ ನವೆಂಬರ್, ಬುಧವಾರ

ಶಿವಾನಂದ ಸರ್ ಬಂದರು. ಎಲ್ಲ ಕೇಳಿ ತಿಳಿದೇ ಬಂದಿದ್ದರು. “ಮೂರು ಲಕ್ಷ ಕೈಯಾಗಿಂದ ಕೊಟ್ರಲ್ಲಾ” ಎಂದರು. ಚಹಾ ಕುಡಿದರು. ಹೋಗುವಾಗ ತಮ್ಮ ಸಂಗ್ರಹದಲ್ಲಿ ಮಾರಬೇಕೆಂದಿರುವ ನಾಣ್ಯಗಳ ಡಬ್ಬಿಯನ್ನೇ ನನ್ನ ಮುಂದಿಟ್ಟರು. “ನೀವs ಮಾರಿ ಕೊಡ್ರಿ. ರಸೀದಿ ಏನೂ ಬ್ಯಾಡ.”

ಆ ಡಬ್ಬಿ ನೋಡಿ ಹುಬ್ಬಳ್ಳಿಯವನೂ ಮೂಗಿನ ಮೇಲೆ ಬೆರಳಿಟ್ಟುಕೊಳ್ಳಬೇಕು, ಅಂಥ ಮಾಲು. ಬಸ್ ಸ್ಟ್ಯಾಂಡಿನ ಮಳಿಗೆ ಮೊಬೈಲ್ ಕವರ್ ಮಾರುವವನಿಗೆ ಹೋಯಿತು. ನಮ್ಮ ಅಡುಗೆಮನೆಯ ಕಟ್ಟೆ ಚೆನ್ನಾಗಿಯೇ ಇದೆ.

ಅಪ್ಪ ಇನ್ನೂ ಫೋನು ಎತ್ತುತ್ತಿಲ್ಲ.

೧೬ ನವೆಂಬರ್, ರವಿವಾರ

ನನ್ನವರು ಬೆಳಗಿನ ಪಾಳಿ ಮುಗಿಸಿ ಬರುವಾಗ ತಮ್ಮ ಬಸ್ಸಿನಲ್ಲೇ ಬಂದ ಒಬ್ಬ ಅತಿಥಿಯನ್ನು ಕರೆತಂದರು. ಮುಬಶೀರ. ಮೊಣಕೈಗೆ ಇನ್ನೂ ಪಟ್ಟಿ ಕಟ್ಟಿದೆ. ಒಂದು ಕಟ್ಟು ಸವಣೂರು ಎಲೆಯನ್ನು ಮುಂದಿಟ್ಟು ನಾಚಿಕೊಂಡು ಕೂತ.

“ಆ ರೂಪಾಯಿ ರೇಟು ಖರೇನೂ ಎಷ್ಟ್ರಿ ಅಕ್ಕಾರ? ಊರಾಗ ಒಬ್ಬ ಐವತ್ತು ಸಾವಿರ ಕೊಡ್ತೇನಿ ಅಂತಾನ.”

“ಐವತ್ತು ಸಾವಿರ ಅಂದಾಂವನ ಮನಿ ಕಡೆ ಹಾಯಬ್ಯಾಡ. ಮೂರು ಲಕ್ಷ. ಶಿಗ್ಗಾವಿಗೆ ಫೋನು ಮಾಡ್ತೇನಿ, ಇವತ್ತs ರೊಕ್ಕ ಎಣಿಸಿ ಕೊಡ್ತಾರ. ನನಗ ಏನೂ ಕೊಡೂದು ಬ್ಯಾಡ” ಎಂದೆ.

ರೂಪಾಯಿಯನ್ನು ಅಂಗೈಯಲ್ಲಿ ಹೊರಳಿಸಿದ. ಆಮೇಲೆ ಅಂಗಿಯೊಳಗಿನಿಂದ ಒಂದು ಹಸಿರು ಮಕಮಲ್ಲಿನ ಪಟ್ಟಿ ತೆಗೆದ. ಹೊಚ್ಚ ಹೊಸದು, ಒಂದು ಗೆಜ್ಜೆಯೂ ಇಲ್ಲ.

“ನಮ್ಮ ಹೋರಿಗೆ ಇನ್ನೂ ಹೆಸರಿಲ್ರಿ. ಈ ವರ್ಷ ಮೊದಲನೇ ಸಲ ಬಿಡಾವ್ರು. ಒಂದು ಹಂಗಾಮ ಅದರ ಹಣಿ ಮ್ಯಾಲೆ ಇರ್ಲ್ರಿ ಇದು. ಉಳದ್ರ ಆಮ್ಯಾಲೆ ಮಾರೂಣು. ತೂತು ಹಾಕಲಾರದ ಹೊಲಿಗಿ ನಿಮಗಷ್ಟs ಬರ್ತೈತೆಂತ.”

ಹುಚ್ಚ ಎಂದುಕೊಂಡೆ. ಒಳಗಿನಿಂದ ಸೂಜಿ ದಾರ ತಂದೆ.

ಜಾಳಿಗೆ ಹೆಣೆಯುತ್ತಿರುವಾಗ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಅಪ್ಪ. ಬಗಲಲ್ಲಿ ಕೆಂಪು ಹಣೆಪಟ್ಟಿ, ನಡುವೆ ಹರಿದ ಜಾಗ ಹಾಗೇ ಇತ್ತು. ಒಳಗೆ ಬಂದು ನೆಲದ ಮೇಲೆ ಕೂತ. ನನ್ನನ್ನು ಮಾತಾಡಿಸದೆ ಮುಬಶೀರನನ್ನು ಕೇಳಿದ.

“ನಿನ್ನ ಹೋರಿಗೆ ಏನ ಹಾಕ್ತೀ?”

“ಹಿಂಡಿ, ಹತ್ತಿಕಾಳು ರಿ.”

“ಹುರಳಿ ನುಚ್ಚು ಹಾಕು. ಬೆಲ್ಲ ಕಡಿಮಿ ಇರ್ಲಿ. ಕೆರಿಯಾಗ ಈಜಿಸು.” ನನ್ನ ಕೈಯ ಕಡೆ ಬೆರಳು ತೋರಿಸಿದ. “ಈಕಿ ಹೊಲಿಗಿ ಬಗ್ಗೆ ನೀ ಕಾಳಜಿ ಮಾಡಬ್ಯಾಡ. ಹೊಲದ್ರ ಹರಿಯಂಗಿಲ್ಲ. ಹರದ್ರ ಆಕೀನs ಎದ್ದು ಬಂದು ಹೇಳ್ತಾಳ.”

ನನ್ನ ಕಣ್ಣಿಗೆ ಸೂಜಿಯ ತೂತು ಕಾಣಿಸದಾಯಿತು. ಸೂಜಿ ದಾರವನ್ನು ನನ್ನವರ ಕೈಗೆ ಕೊಟ್ಟು ಪೋಣಿಸಿಕೊಡಲು ಹೇಳಿದೆ.

ಹಸಿರು ಪಟ್ಟಿಯನ್ನು ಪಕ್ಕಕ್ಕಿಟ್ಟು ಮೊದಲು ಅಪ್ಪನ ಪಟ್ಟಿ ಮಾಡಿದೆ. ನಡುವೆ ಮೂವತ್ತೆಂಟರ ರೂಪಾಯಿ ಕೂಡಿಸಿದೆ, ಈ ಸಲ ಇಸವಿ ಹೊರಗೆ. ಅಪ್ಪ ಬೆರಳಾಡಿಸಿ ನೋಡಿ ತಲೆಯಾಡಿಸಿದ. ಮುಬಶೀರನದಕ್ಕೂ ಹಾಗೇ, ಇಸವಿ ಎಲ್ಲರಿಗೂ ಕಾಣುವಂತೆ. ಕೊನೆಯ ಸುತ್ತು ಹಾಕುವಾಗ ಮುಬಶೀರ ಕೈ ತೊಳೆಯಲು ಹಿತ್ತಲಿಗೆ ಹೋದ. ಅಪ್ಪ ತಟ್ಟನೆ ನನ್ನ ಕಿವಿಯ ಹತ್ತಿರ ಬಾಗಿದ.

“ಏ ಸುಧಾ, ಅದನ್ನ ಒಂದೀಟು ಸಡ್ಲ ಹೊಲಿ. ಸಂಕ್ರಾಂತಿ ಆದಮ್ಯಾಲೆ ಸವಣೂರಾಗ ಹಬ್ಬ ಐತಿ. ಸುಭಾಸ ಹರಕೊಂಡು ಬರ್ತಾನ.”

ನಾನು ಎರಡೆಳೆ ದಾರ ಹೆಚ್ಚಿಗೆ ಹಾಕಿ ಹೊಲಿದೆ.